ಮದುವೆಯ ಪ್ರಶ್ನೆಗೆ ನಾನು ಕೊಟ್ಟ ತರಬೇತಿ

ಇಂಟರ್‌ವ್ಯೂ ವಿಷಯದಲ್ಲಿ ಹೈದರಾಬಾದಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಾನು ಬಾಯಿ ಬಿಟ್ಟರೆ ಪ್ರಶ್ನೆ ಕೇಳುವ ಸಾಹೇಬರೇ ಎದ್ದು ಕುರ್ಚಿ ಕೊಡುತ್ತಿದ್ದರು. ಇಂಥ ನನ್ನ ಪಕ್ಕದಲ್ಲೇ, ಕೂಕಟ್‌ಪಲ್ಲಿಯಲ್ಲಿ ಬಸ್ಸು ಹತ್ತಿದ ಹುಡುಗಿಯೊಬ್ಬಳು ತನ್ನಷ್ಟಕ್ಕೆ ತಾನು ಕನ್ನಡದಲ್ಲಿ ಉತ್ತರ ಒಪ್ಪಿಸುತ್ತಾ ಕೂತಿದ್ದಳು. ಬೀದರಿನ ಕಡೆಯವಳು, ಲೇತ್ ಮಷೀನ್ ಕೆಲಸ ಕಲಿತವಳು. ಅವತ್ತು ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಅವಳ ಇಂಟರ್‌ವ್ಯೂ.

“ಮದುವಿ ಯಾವಾಗ ಅಂತ ಕೇಳ್ತಾರ್ರಿ ಅಂಕಲ್. ಆಗ್ತೀನಿ ಅಂದಿದ್ದಕ್ಕ ಎರಡು ಕಡೆ ಕೆಲಸ ತಪ್ಪೇತಿ,” ಅಂದಳು.

“ಇಷ್ಟೇ ಏನ ತಂಗಿ? ಜನ್ಮದಾಗ ಮದುವಿನ ಆಗಂಗಿಲ್ಲ ಅಂದುಬಿಡು.”

“ಆಮ್ಯಾಲೆ ಮದುವಿಗೆ ರಜಾ ಹೆಂಗ ಕೇಳ್ಲಿ?”

“ಅಜ್ಜಿ ತೀರ್ಕೊಂಡ್ಲು ಅನ್ನು. ನಾನೂ ರಜಾಕ್ಕಂತ ಇದ್ದೊಬ್ಬ ಅಜ್ಜಿನ್ನ ಭಾಳ ಸಲ ಮ್ಯಾಲೆ ಕಳಿಸೀನಿ.”

ಅವಳು ನಕ್ಕಳು. “ಬ್ಯಾಡ್ರಿ. ಆಗ್ತೀನಿ ಅಂತನ ಹೇಳ್ತೀನಿ. ನಿಮ್ಮಲ್ಲಿ ಮದುವಿ ಆದ ಗಂಡಸರು ಮಷೀನ್ ಬಿಟ್ಟು ಹೋದ್ರೇನ್ರಿ ಸರ್, ಅಂತ ಕೇಳ್ತೀನಿ.”

“ಈ ಕೆಲಸಾನೂ ಹೋತು ಅಂತ ತಿಳ್ಕೋ,” ಅಂದೆ. ಆದರೆ ಎರಡು ಸಲ ಪೆಟ್ಟು ತಿಂದೂ ನಿಜವನ್ನೇ ಹೇಳಲು ಹೊರಟವಳ ಮುಂದೆ ನನ್ನ ಮೀಸೆ ತಾನಾಗಿಯೇ ಕೆಳಗಿಳಿಯಿತು.

ಮುಂದಿನ ವಾರ ಅದೇ ಬಸ್ಸಿನಲ್ಲಿ ಸಿಕ್ಕಳು. ಕೊರಳಲ್ಲಿ ಕಾರ್ಖಾನೆಯ ಐಡಿ ಕಾರ್ಡು ಇತ್ತು.

“ಕೇಳೇಬಿಟ್ಟೆ ಅಂಕಲ್. ದೊಡ್ಡ ಸಾಹೇಬ್ರು ನನ್ನ ಅರ್ಜಿ ಮ್ಯಾಲೆ ಸಹಿ ಹಾಕಿ, ನಾಳಿಂದ ಬಾ ಅಂದ್ರು.”

ಈಕೆಗೆ ತರಬೇತಿ ಕೊಟ್ಟವನು ನಾನೇ ಎಂದು ಇಡೀ ಬಸ್ಸಿಗೆ ತೆಲುಗಿನಲ್ಲೂ ಹಿಂದಿಯಲ್ಲೂ ಸಾರಿದೆ. ಅವಳು ಅಲ್ಲ ಅನ್ನಲಿಲ್ಲ, ಅದು ಅವಳ ದೊಡ್ಡತನ. ಏನು ಕಲಿಸಿದಿರಿ ಅಂತ ಮಾತ್ರ ಇದುವರೆಗೆ ಯಾರೂ ಕೇಳಿಲ್ಲ. ಆ ಪ್ರಶ್ನೆಗೆ ನನ್ನ ತಯಾರಿ ಇನ್ನೂ ನಡೆದಿದೆ.