ತೊಗಲುಗರುವಿನ ಪಾಠವನ್ನು ಹಿಂತೆಗೆದುಕೊಂಡ ಮಾಸ್ತರರು

ನೀಲಗಿರಿಯ ಬೆಟ್ಟಗಳಲ್ಲಿ ಕನ್ನಡ ಅಕ್ಷರವನ್ನು ಹಟ್ಟಿಯಿಂದ ಹಟ್ಟಿಗೆ ಹೊತ್ತು ನಡೆದ ಉಪಾಧ್ಯಾಯರ ಸಾಲಿನಲ್ಲಿ ಶ್ರೀ ಎಲೀಯ ಮುಳಗುಂದ ಅವರದು ಹಿರಿಯ ಸ್ಥಾನ. ಕ್ರಿಸ್ತಬೋಧೆಯ ನಿಸ್ವಾರ್ಥ ಪ್ರೀತಿಯನ್ನು ದನ, ಕೋಳಿ, ಆನೆಗಳ ನಡತೆಯಿಂದ ಮಕ್ಕಳಿಗೆ ತಿಳಿಸಿಕೊಟ್ಟವರು ಬೇರೆಯವರೂ ಇದ್ದಾರೆ. ಆದರೆ ಪಾಠ ಹೇಳುವ ಮೊದಲು ಆ ಪ್ರಾಣಿಯನ್ನು ಸಾಕಿದವನ ಬಳಿಗೆ ಹೋಗಿ, ಇದು ಹೌದೋ ಅಲ್ಲವೋ ಎಂದು ವಿಚಾರಿಸಿಕೊಂಡು ಬಂದವರು, ನಾನು ಬಲ್ಲಮಟ್ಟಿಗೆ, ಇವರೊಬ್ಬರೇ. ಮೂವತ್ತಮೂರು ವರ್ಷಗಳ ಸೇವೆಯ ನಂತರ, ಈ ೧೯೩೪ರಲ್ಲಿ ಅವರು ವಿಶ್ರಾಂತಿ ಪಡೆಯುತ್ತಿರುವ ಸಂದರ್ಭದಲ್ಲಿ, ಮೊದಲು ಅವರ ಶಿಷ್ಯನಾಗಿ, ಆಮೇಲೆ ಇಪ್ಪತ್ತೆರಡು ವರ್ಷ ಅವರ ಸಹಾಯಕನಾಗಿ ದುಡಿದ ನನಗೆ ಅವರಿಗೆ ಅರ್ಪಿಸುವ ಈ ಗ್ರಂಥದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ. ನಾನು ಕ್ರೈಸ್ತನಲ್ಲ, ಬಡಗರ ಹಟ್ಟಿಯವನು. ಹೊಗಳಿಕೆ ಮಾಸ್ತರರಿಗೆ ಒಗ್ಗುವುದಿಲ್ಲವಾದ್ದರಿಂದ ಅವರು ಮಾಡಿದ ಒಂದು ತಪ್ಪಿನಿಂದಲೇ ಆರಂಭಿಸುತ್ತೇನೆ.

ಧಾರವಾಡದ ಕಡೆಯ ಬಿಸಿಲಿನಿಂದ ೧೯೦೧ರಲ್ಲಿ ತುಮ್ಮನಟ್ಟಿಯಾಚೆಯ ನಮ್ಮ ಹಟ್ಟಿಯ ಶಾಲೆಗೆ ಬಂದಾಗ ಅವರು ಒಂದರ ಮೇಲೊಂದು ಎರಡು ಕೋಟು ತೊಟ್ಟು ಪಾಠ ಹೇಳುತ್ತಿದ್ದರು. ಎಮ್ಮೆಗಳ ಸಹವಾಸವೂ ಅವರಿಗೆ ಅಷ್ಟಾಗಿ ಇರಲಿಲ್ಲ. ನಮ್ಮಲ್ಲಿ ಕರು ಸತ್ತ ಎಮ್ಮೆ ಹಾಲು ಕೊಡದೆ ನಿಂತರೆ, ಆ ಕರುವಿನ ತೊಗಲಿಗೆ ಹುಲ್ಲು ತುಂಬಿ ಅದರ ಮುಂದೆ ನಿಲ್ಲಿಸುವುದುಂಟು; ತೊಗಲನ್ನು ನೆಕ್ಕುತ್ತ ನೆಕ್ಕುತ್ತ ಎಮ್ಮೆ ಸೊರೆ ಬಿಟ್ಟು ಹಾಲು ಕೊಡುತ್ತದೆ. ಜೋಗಿ ಎಂಬ ತರುಣನ ಕೊಟ್ಟಿಗೆಯಲ್ಲಿ ಇದನ್ನು ಕಂಡ ಮಾಸ್ತರರು ಕರಗಿಹೋದರು. ಮರುಭಾನುವಾರದ ಬೋಧೆಯಲ್ಲಿ, ಪ್ರಾಣವಿಲ್ಲದ ಹುಲ್ಲಿಗೂ ಹಾಲೆರೆಯುವ ಈ ತಾಯಿಯಂತೆಯೇ ದೇವರು ಯೋಗ್ಯತೆಯಿಲ್ಲದ ನಮ್ಮನ್ನು ಪ್ರೀತಿಸುತ್ತಾನೆ ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು. ಬೇಲಿಯ ಆಚೆ ನಿಂತು ಕೇಳುತ್ತಿದ್ದ ಹಟ್ಟಿಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಜೋಗಿ ಮಾತ್ರ ನಗದೆ ಹೇಳಿದ: “ಅಯ್ಯಾ, ಅದು ಎಮ್ಮೆ ಪ್ರೀತಿ ಅಲ್ಲ. ಎನ್ನ ಕಳ್ಳತನ.”

ಇನ್ನೊಬ್ಬ ಉಪಾಧ್ಯಾಯರಾಗಿದ್ದರೆ ಅವನನ್ನು ಗದರಿಸಿ ಮುಂದೆ ಹೋಗುತ್ತಿದ್ದರು. ನಮ್ಮ ಮಾಸ್ತರರು ಮುಂದಿನ ಭಾನುವಾರ ಅದೇ ಜಾಗದಲ್ಲಿ ನಿಂತು, ಹೋದ ವಾರದ ಪಾಠವನ್ನು ಹಿಂತೆಗೆದುಕೊಂಡಿರುವೆನೆಂದೂ, ಮನುಷ್ಯನ ಮೋಸವನ್ನು ದೇವರ ಪ್ರೀತಿಯೆಂದು ಹೇಳಿದ್ದಕ್ಕೆ ಮೊದಲು ಎಮ್ಮೆಯ, ಆಮೇಲೆ ಸಭೆಯ ಕ್ಷಮೆ ಬೇಡುವೆನೆಂದೂ ಸಾರಿದರು. ಎಮ್ಮೆಯ ಕ್ಷಮೆ ಕೇಳಿದ ಉಪಾಧ್ಯಾಯನೆಂದು ಒಂದು ತಿಂಗಳು ಹಟ್ಟಿಯಲ್ಲಿ ಅವರದೇ ಮಾತು. ಆದರೆ ಜೋಗಿ ಅಂದಿನಿಂದ ಬೇಲಿಯ ಈಚೆಗೆ ಬಂದು ಕೂರತೊಡಗಿದ. ಕೆಲವು ವರ್ಷಗಳ ಮೇಲೆ ಹೆಂಡತಿಯೊಡನೆ ದೀಕ್ಷಾಸ್ನಾನವನ್ನೂ ಪಡೆದ. ಹಟ್ಟಿಯ ಹಿರಿಯರು, ಕುಲ ಬಿಟ್ಟವರೊಡನೆ ಕೊಳುಕೊಡೆ ಕೂಡದೆಂದು, ಆ ಮನೆಗೆ ನೀರು, ಬೆಂಕಿ ನಿಲ್ಲಿಸಿದರು.

ನಾನು ಸಹಾಯಕನಾಗಿ ಸೇರುವ ಹೊತ್ತಿಗೆ ಮಾಸ್ತರರ ವಿಚಾರಣೆಯ ಪದ್ಧತಿ ಬೇರೂರಿತ್ತು. ಕೋಳಿ ತನ್ನ ಮರಿಗಳನ್ನು ರೆಕ್ಕೆಯ ಕೆಳಗೆ ಕೂಡಿಸಿಕೊಳ್ಳುವ ಸುವಾರ್ತೆಯ ಮಾತನ್ನು ಹೇಳುವಾಗ, ಅದೇ ಕೋಳಿ ನೆರೆಮನೆಯ ಮರಿಯನ್ನು ಕುಕ್ಕಿ ಓಡಿಸುವುದನ್ನೂ ಮುಚ್ಚಿಡುತ್ತಿರಲಿಲ್ಲ. ಕೋಳಿಯ ಪ್ರೀತಿ ಮುಗಿಯುವ ಕಡೆ ನಮ್ಮದು ಆರಂಭವಾಗಬೇಕು ಎನ್ನುತ್ತಿದ್ದರು. ತಬ್ಬಲಿ ಆನೆಮರಿಯನ್ನು ಬೇರೆ ಹೆಣ್ಣಾನೆಗಳು ಸಾಕುತ್ತವೆಯೇ ಎಂದು ತಿಳಿಯಲು ಒಮ್ಮೆ ನನ್ನನ್ನು ಕಟ್ಟಿಕೊಂಡು ತೆಪ್ಪಕಾಡಿನ ಕಡೆಗೆ ನಡೆದರು. ಕೆಲವು ಸಾಕುತ್ತವೆ, ಕೆಲವು ಒದೆಯುತ್ತವೆ ಎಂದ ಅಲ್ಲಿನ ಮಾವುತ. ಅಷ್ಟು ತಿಳಿಯಲು ನಡೆದು ನನ್ನ ಕಾಲಲ್ಲಿ ಬೊಬ್ಬೆ ಎದ್ದಿತ್ತು. ಅವರಿಗೆ ಪರಮ ಸಂತೋಷ.

ಈ ಪದ್ಧತಿಗೆ ನಿಜವಾದ ಪರೀಕ್ಷೆ ಬಂದದ್ದು ೧೯೧೮ರ ಜ್ವರದ ಕಾಲದಲ್ಲಿ. ಜೋಗಿಯ ಹೆಂಡತಿ ಹನ್ನೆರಡು ದಿನದ ಹೆಣ್ಣುಕೂಸನ್ನು ಬಿಟ್ಟು ತೀರಿಕೊಂಡಳು. ಹಸುವಿನ ಹಾಲು ಕೂಸಿನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮೂರನೆಯ ದಿನಕ್ಕೆ ಅದರ ಅಳು ಕೂಡ ಸಣ್ಣದಾಯಿತು. ಅದೇ ವಾರ ನಮ್ಮ ಮನೆಯಲ್ಲಿ ನನ್ನ ಅತ್ತಿಗೆ ಮಾದಿ ಒಂದು ತಿಂಗಳ ಮಗನನ್ನು ಕಳೆದುಕೊಂಡು, ಜ್ವರದಲ್ಲಿ ಅರೆಪ್ರಜ್ಞೆಯಾಗಿ ಮಲಗಿದ್ದಳು. ಜೋಗಿ ಮಾಸ್ತರರ ಬಳಿ ಬಂದು, ಸತ್ತ ಮಗುವಿನ ಬಟ್ಟೆಯಲ್ಲಿ ತನ್ನ ಕೂಸನ್ನು ಸುತ್ತಿ ಅವಳ ಮಗ್ಗುಲಲ್ಲಿ ಮಲಗಿಸಿದರೆ ಅವಳು ತಿಳಿಯದೆ ಹಾಲೂಡಿಸುವಳೆಂದು ಅಂಗಲಾಚಿದ. ನಾನೂ ಅವನ ಪಕ್ಷವೇ ಆಗಿದ್ದೆ. ಕೂಸು ಉಳಿಯಲಿ, ಹಿರಿಯರಿಗೂ ತಿಳಿಯದಿರಲಿ ಎಂಬುದು ನನ್ನ ಲೆಕ್ಕ. ಬಟ್ಟೆಯನ್ನು ತಂದುಕೊಡುವೆನೆಂದೂ ಒಪ್ಪಿಕೊಂಡೆ. ಇದನ್ನು ಬರೆಯುವಾಗ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಕೇಳಿ ಮಾದಿ ಒಲ್ಲೆನೆಂದರೆ ಕೂಸು ಸಾಯುವುದೆಂದು ನಮ್ಮಷ್ಟೇ ಮಾಸ್ತರರಿಗೂ ತಿಳಿದಿತ್ತು. ಕೊನೆಗೆ, “ಅದು ಎಮ್ಮಿಗೆ ಮಾಡೂದು, ಜೋಗಿ. ಹೆಣ್ಣಮಗಳನ್ನ ಕೇಳಬೇಕಾಗತದ,” ಎಂದು ಎದ್ದರು.

ಹಾಡುಹಗಲಲ್ಲಿ, ಹಿರಿಯರೆಲ್ಲ ನೋಡುತ್ತಿರುವಂತೆ, ಕೂಸನ್ನು ಎತ್ತಿಕೊಂಡು ನಮ್ಮ ಅಂಗಳದಲ್ಲಿ ಬಂದು ನಿಂತರು. ಜಗಲಿಯ ಮೇಲಿದ್ದ ನನ್ನ ಅಣ್ಣ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅತ್ತಿಗೆಗೆ ಎಚ್ಚರ ಬರುವವರೆಗೂ ಕಾದು, ಬಾಗಿಲ ಹೊರಗಿನಿಂದಲೇ, ಇದು ಯಾರ ಕೂಸು, ಹಾಲೂಡಿಸಿದರೆ ಈ ಮನೆಗೆ ಏನಾದೀತು, ಅವಳಿಗೆ ಹೇಳದೆ ಮಾಡಲು ನಾವು ಹೂಡಿದ್ದ ಉಪಾಯವೇನು ಎಂಬುದನ್ನೆಲ್ಲ ಒಂದೂ ಬಿಡದೆ ತಿಳಿಸಿದರು. ನನ್ನ ಹೆಸರನ್ನೂ ಬಿಡಲಿಲ್ಲ. ಒಲ್ಲೆನೆಂದರೆ ತಾವು ಒಂದು ಮಾತೂ ಆಡದೆ ಹಿಂದಿರುಗುವುದಾಗಿಯೂ ಹೇಳಿದರು. ಕೂಸು ಒಮ್ಮೆ ಕ್ಷೀಣವಾಗಿ ಅತ್ತಿತು.

“ಎಮ್ಮೆಗ ಯಾರೂ ಹೇಳೋದಿಲ್ಲ. ಎನಗ ಹೇಳಿದಿರಿ,” ಎಂದಳು ಅತ್ತಿಗೆ. “ಕೂಸ ತನ್ನಿ.”

ನಮ್ಮ ಮನೆಗೂ ನಾಲ್ಕು ತಿಂಗಳು ನೀರು, ಬೆಂಕಿ ನಿಂತವು. ಆ ನಾಲ್ಕು ತಿಂಗಳೂ ಮಾಸ್ತರರು ಬೆಳಗ್ಗೆ ಶಾಲೆಗೆ ಮುಂಚೆ ಕೆಳಗಿನ ಹಳ್ಳದಿಂದ ನಮಗೆ ಎರಡು ಕೊಡ ನೀರು ತಂದಿಟ್ಟು ಹೋಗುತ್ತಿದ್ದರು. ಕ್ರಮೇಣ ಹಿರಿಯರ ಮನಸ್ಸೂ ಕರಗಿತು. ಮೊದಲು ನಮ್ಮ ಮನೆಗೆ, ಮರುವರ್ಷ ಜೋಗಿಯ ಮನೆಗೆ ನೀರು ಬಿಟ್ಟರು. ಸಾರಾ ಎಂದು ಹೆಸರು ಪಡೆದ ಆ ಕೂಸಿಗೆ ಈಗ ಹದಿನಾರು ವರ್ಷ. ಎರಡು ಮನೆಗಳಲ್ಲಿಯೂ ಉಂಡು, ಎರಡು ಮನೆಗಳಲ್ಲಿಯೂ ಬೈಸಿಕೊಂಡು ಬೆಳೆದವಳು.

ಪ್ರೀತಿಯ ಬಗ್ಗೆ ನೂರು ಪಾಠ ಹೇಳಿದ ಮಾಸ್ತರರು ಈ ಸಂಗತಿಯನ್ನು ಮಾತ್ರ ಒಮ್ಮೆಯೂ ಪಾಠಮಾಡಲಿಲ್ಲ. ಕಾರಣ ಕೇಳಿದಾಗ, ಅದು ತಮ್ಮದಲ್ಲ, ಮಾದಿಯದು ಎಂದರು. ಆದಕಾರಣ ಬರೆಯುವ ಮೊದಲು ನಾನು ಅತ್ತಿಗೆಯನ್ನು ಕೇಳಿದೆ. ಅವಳು ಕೈಯಲ್ಲಿದ್ದ ಆಲೂಗಡ್ಡೆಯ ಬುಟ್ಟಿ ಇಳಿಸಿ ಹೇಳಿದಳು: “ಬರಿ. ಆದರೆ ಪುಣ್ಯಕ್ಕ ಎತ್ತಿಕೊಂಡಳು ಅಂತ ಬರೀಬೇಡ. ಎನ್ನ ಎದೆ ಕಲ್ಲಾಗಿ ನೋಯುತ್ತಿತ್ತು. ಆ ಕೂಸು ಬಾರದಿದ್ದರೆ ನಾನೂ ಹೋಗಿಬಿಡುತ್ತಿದ್ದೆ. ಯಾರು ಯಾರ ಉಳಿಸಿದರೋ, ಎನಗ ತಿಳಿಯದು.”

ಇದನ್ನು ಓದಿ ಹೇಳಿದಾಗ ಮಾಸ್ತರರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ, ಆ ಮಾತನ್ನು ಬಿಟ್ಟರೆ ತಾವು ಈ ಗ್ರಂಥವನ್ನು ಕೈಯಲ್ಲಿ ಮುಟ್ಟುವುದಿಲ್ಲವೆಂದರು.

ಬಿಟ್ಟಿಲ್ಲ, ಮಾಸ್ತರೇ, ಅವಳು ಹೇಳಿದಂತೆಯೇ ಇಟ್ಟಿದ್ದೇನೆ. ದಯವಿಟ್ಟು ಸ್ವೀಕರಿಸಬೇಕು. ಭಗವಂತನು ತಮಗೆ ದೀರ್ಘಾಯುಷ್ಯವನ್ನೂ, ಈ ಬೆಟ್ಟಗಳನ್ನು ಹತ್ತಿಳಿಯುವ ಕಾಲ್ಬಲವನ್ನೂ ಕರುಣಿಸಲಿ. ಅತ್ತಿಗೆಯ ಆ ಕೊನೆಯ ಮಾತಿಗೆ ಉತ್ತರ ಸಿಗುವವರೆಗಾದರೂ ತಾವು ನಮ್ಮ ನಡುವೆ ಇರಬೇಕು.

— ಭೋಜನ್, ಸಹಾಯಕ ಉಪಾಧ್ಯಾಯ