ಎಕ್ಸ್‌ರೇಯಲ್ಲಿ ಕಂಡ ಕರಡಿಗೆ

ನಮ್ಮ ಅತ್ತೆಯವರ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇರುತ್ತಿತ್ತು, ಅದರೊಳಗೆ ಇಷ್ಟಲಿಂಗ. ಅಂಚುಗಳು ಸವೆದು ನುಣುಪಾಗಿದ್ದವು. ಅವರು ಕೆಮ್ಮಿದಾಗಲೆಲ್ಲ ಸೆರಗಿನ ಕೆಳಗೆ ಅದು ಸಣ್ಣಗೆ ಅಲುಗುತ್ತಿತ್ತು. ತಿಂಗಳಾದರೂ ಕೆಮ್ಮು ನಿಲ್ಲದಾಗ ಲಕ್ಷ್ಮೇಶ್ವರದಲ್ಲಿ ನಮ್ಮ ಮನೆಗೆ ಹತ್ತಿರವಿದ್ದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿ ಎಕ್ಸ್‌ರೇ ಓದುವ ಡಾಕ್ಟರು ವಾರಕ್ಕೊಮ್ಮೆ ಮಾತ್ರ ಬರುತ್ತಿದ್ದರು. ಉಳಿದ ದಿನ ಚಿತ್ರವನ್ನು ಇಂಟರ್ನೆಟ್ಟಿನಲ್ಲಿ ಎಲ್ಲೋ ದೂರದ ಕಂಪ್ಯೂಟರಿಗೆ ಕಳಿಸುತ್ತೇವೆ, ಅದೇ ನೋಡಿ ಐದು ನಿಮಿಷದಲ್ಲಿ ಬರೆದು ಕಳಿಸುತ್ತದೆ ಎಂದು ಎಕ್ಸ್‌ರೇ ತೆಗೆಯುವಾಕೆ ವಿವರಿಸಿದಳು. ಆಮೇಲೆ ಕೊರಳಲ್ಲಿದ್ದುದನ್ನು ತೆಗೆದಿಡಲು ಹೇಳಿದಳು.

“ಹಡಿಯೂ ಮುಂದ ಸೈತ ತಗದಿಲ್ಲವ್ವಾ. ನಿನ್ನ ಫೋಟೋಕ್ಕ ತಗೀಲೇನು?” ಅಂದರು ಅತ್ತೆ.

ಆಕೆ ನಕ್ಕಳು. ಹೊರಗೆ ಜನ ಕಾಯುತ್ತಿದ್ದರು. ಹಾಗಾದರೆ ಸ್ವಲ್ಪ ಎಡಕ್ಕೆ ಸರಿಸಿಕೊಂಡು ನಿಲ್ಲಿರಿ ಎಂದಳು.

ರಿಪೋರ್ಟು ನನ್ನ ಫೋನಿಗೆ ಬಂತು, ಇಂಗ್ಲಿಷಿನಲ್ಲಿ. ಮನೆಯಲ್ಲಿ ಇಂಗ್ಲಿಷಿನದೇನು ಬಂದರೂ ಓದುವವಳು ನಾನು. ಸೊಸೆ ಕಾನ್ವೆಂಟಿನಲ್ಲಿ ಕಲಿತವಳೆಂದು ಅತ್ತೆ ಓಣಿಯಲ್ಲೆಲ್ಲ ಹೇಳಿಕೊಳ್ಳುತ್ತಿದ್ದರು. ಬಲಗಡೆ ತೊಂದರೆಯಿಲ್ಲ. ಎಡ ಎದೆಯ ಮೇಲ್ಭಾಗವನ್ನು ಲೋಹದ ವಸ್ತುವೊಂದು ಮುಚ್ಚಿದೆ, ಅದನ್ನು ತೆಗೆದಿಟ್ಟು ಮತ್ತೊಮ್ಮೆ ಎಕ್ಸ್‌ರೇ ಮಾಡಿಸಿ. ಇಷ್ಟೇ ಇತ್ತು. ಚಿತ್ರದಲ್ಲಿ ಕರಡಿಗೆ ಅಚ್ಚ ಬೆಳ್ಳಗೆ, ಅದರ ಕೊಂಡಿ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು.

“ಏನೂ ಇಲ್ರಿ ಅತ್ತಿ. ನಿಮ್ಮ ಕರಡಗಿ ಒಂದ ಕಂಡೈತಿ,” ಅಂದೆ.

“ಹಂಗಾರ ಆ ಕಂಪ್ಯೂಟರಿಗೂ ದರ್ಶನ ಆತು ಬಿಡು,” ಎಂದು ನಕ್ಕರು. ನಗುತ್ತಲೇ ಮತ್ತೆ ಕೆಮ್ಮಿದರು.

ಲಿಂಗ ತೆಗೆಯಿರಿ ಎಂದು ನಾನು ಹೇಗೆ ಹೇಳಲಿ? ಕಾನ್ವೆಂಟಿನ ಸಿಸ್ಟರುಗಳ ಹತ್ತಿರ ಕಲಿತವಳು, ಇವಳಿಗೇನು ಗೊತ್ತು ಎಂದು ನಾದಿನಿಯರು ಮೊದಲೊಮ್ಮೆ ಆಡಿದ್ದರು. ಆ ಮಾತು ಮತ್ತೆ ಕೇಳುವುದು ಬೇಡವಾಗಿತ್ತು. ಕೆಮ್ಮಿನ ಔಷಧಿ ತಂದೆ. ಕಷಾಯ ಕುದಿಸಿದೆ.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವರ ಕರವಸ್ತ್ರದಲ್ಲಿ ರಕ್ತ ಕಂಡಿತು. ಗದಗಿಗೆ ಓಡಿದೆವು. ಅಲ್ಲಿ ಸ್ಕ್ಯಾನಿಗೆ ಮೊದಲು ವಯಸ್ಸಾದ ನರ್ಸೊಬ್ಬರು ಕರಡಿಗೆ ನೋಡಿ, ತೆಗೆಯಿರಿ ಎನ್ನಲಿಲ್ಲ.

“ಲಿಂಗಾನ ಎಡಗೈಯಾಗ ಹಿಡ್ಕೊಳ್ರಿ ಅವ್ವಾರ. ಪೂಜಿ ಮಾಡೂ ಮುಂದ ಅಂಗೈಯಾಗ ಇಡೂದಿಲ್ಲೇನ್ರಿ?”

ಅತ್ತೆ ಕೂಡಲೇ ಕರಡಿಗೆ ಬಿಚ್ಚಿ, ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದರು. ದಿನಾ ಬೆಳಿಗ್ಗೆ ಆ ಎಡಗೈಗೆ ನೀರು, ವಿಭೂತಿ, ಪತ್ರಿ ಎತ್ತಿಕೊಟ್ಟವಳು ನಾನು. ನನಗೇ ಹೊಳೆದಿರಲಿಲ್ಲ.

ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದ ಗಡ್ಡೆ ಇದ್ದದ್ದು ಎಡ ಎದೆಯ ಮೇಲ್ಭಾಗದಲ್ಲಿ. ಮೊದಲೇ ಬಂದಿದ್ದರೆ ಎಂದು ಶುರುಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು.

ಎಳ್ಳ ಅಮಾವಾಸ್ಯೆಗೆ ಮುಂಚೆಯೇ ಅತ್ತೆ ಹೋದರು. ಮಣ್ಣಿಗಿಡುವಾಗ ಮಠದ ಅಯ್ನೋರು ಅವರ ಎಡಗೈ ಬಿಡಿಸಿ ಲಿಂಗವನ್ನು ಅಂಗೈಯಲ್ಲಿಟ್ಟರು. ನಾದಿನಿಯರು ಅಳುತ್ತಿದ್ದರು. ನಾನು ಆ ಕೈಯನ್ನೇ ನೋಡುತ್ತ ನಿಂತಿದ್ದೆ.

ಖಾಲಿ ಕರಡಿಗೆ ಈಗ ದೇವರ ಮನೆಯಲ್ಲಿದೆ. ರಿಪೋರ್ಟು ನನ್ನ ಫೋನಿನಲ್ಲಿದೆ. ಅದರ ಕೊನೆಯ ಸಾಲನ್ನು ಮನೆಯಲ್ಲಿ ಇವತ್ತಿನವರೆಗೂ ಯಾರಿಗೂ ಓದಿ ಹೇಳಿಲ್ಲ.