ಅಕ್ಕನ ಕನಕಾಂಬರ ಒಣಗಿದ್ದು

ಅಕ್ಕನ ಕನಕಾಂಬರ ಒಣಗಿದಾಗ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಒಂಬತ್ತು ವರ್ಷ ಹೇಳಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಮೇಲಿನ ಸಿಟ್ಟು ಇಳಿದಿಲ್ಲ.

ಆವರಗೆರೆಯಲ್ಲಿ ನಮ್ಮದು ಹತ್ತು ಗುಂಟೆ. ಅದರಲ್ಲಿ ಕನಕಾಂಬರ ಹಾಕಿದ್ದು ಅಕ್ಕ. ಗಂಡನನ್ನು ಬಿಟ್ಟು ಮನೆಗೆ ಬಂದವಳು, ಯಾರ ಹಂಗಿನಲ್ಲೂ ಇರಲಾರೆ ಎಂದು ಸಾಲು ತೆಗೆದಳು. ಕನಕಾಂಬರಕ್ಕೆ ವಾಸನೆ ಇಲ್ಲ. ಆದರೆ ಕಟ್ಟಿದ ಮಾಲೆ ಬೇಗ ಬಾಡುವುದಿಲ್ಲ, ದಾವಣಗೆರೆಯ ಹೂವಿನ ಮಾರ್ಕೆಟ್ಟಿನಲ್ಲಿ ಮಲ್ಲಿಗೆಯ ಜೊತೆ ಅದು ಬೇಕೇ ಬೇಕು. ತೆನೆಯಲ್ಲಿ ಅರಳಿದ್ದನ್ನು ಬೆಳಗಿನ ತಂಪಿನಲ್ಲಿ ಒಂದೊಂದಾಗಿ ಬಿಡಿಸಬೇಕು, ದಿನ ಬಿಟ್ಟು ದಿನ. ಬಿಡಿಸದಿದ್ದರೆ ಉದುರುತ್ತದೆ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಗಿಡದ ವಿಷಯ ಕಲಿಸಿದವಳು ಅವಳೇ.

ಸಾಲು ಹೆಚ್ಚಿಸಲು ಸಸಿ ಬೇಕಾಯಿತು. ಅಕ್ಕ ಹಾಕಿದ್ದ ತಳಿ ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟು ಬೇರು ಬರಿಸಿದ ಸಸಿಯೇ ಆಗಬೇಕು. ಹರಿಹರದ ಗೆಳೆಯನೊಬ್ಬ ಪುಕ್ಕಟೆ ಕೊಡುತ್ತೇನೆ ಎಂದ.

“ಬೇರು ನೋಡಿ ತಗಂಡು ಬಾ,” ಎಂದಳು ಅಕ್ಕ. “ಗಂಟು ಇದ್ರೆ ಬ್ಯಾಡ. ಗಂಟಿನಾಗ ಹುಳ ಇರ್ತಾವೆ, ನಮ್ಮ ಮಣ್ಣಿಗೆ ಬಿದ್ರೆ ಇರೋವೂ ಹೋಗ್ತಾವೆ.”

ನೋಡಿದೆ. ಬೇರಿನ ತುಂಬ ಸಾಸಿವೆಯಂಥ ಗಂಟು. ಬರಿಗೈಲಿ ಬಸ್ಸು ಹತ್ತಲು ಮನಸ್ಸಾಗಲಿಲ್ಲ. ಎದ್ದು ಕಾಣುವ ಗಂಟಿನ ಬೇರುಗಳನ್ನಷ್ಟೇ ಉಗುರಿನಿಂದ ಚಿವುಟಿ, ಉಳಿದವು ಕಾಣದಂತೆ ಹೊಳೆಯ ಮಣ್ಣು ಮೆತ್ತಿ, ಚೀಲಕ್ಕೆ ತುಂಬಿದೆ. ಬೇರು ಚೆನ್ನಾಗಿದೆ ಎಂದೆ. ನಂಬಿ ನೆಟ್ಟಳು.

ಮಳೆಗಾಲ ಮುಗಿಯುವಷ್ಟರಲ್ಲಿ ಎಲೆ ಹಳದಿಯಾಯಿತು. ಹೊಸ ಸಾಲಿನಿಂದ ಹಳೇ ಸಾಲಿಗೂ ದಾಟಿತು. ಅಕ್ಕ ಒಂದು ಗಿಡ ಕಿತ್ತು ಬೇರು ನೋಡಲು ಬಗ್ಗಿದಳು. ಅವ್ವ ಕೈ ಹಿಡಿದಳು.

“ಮುಟ್ಟಬ್ಯಾಡ. ಮುಟ್ಟಾದಾಗ ಇಲ್ಲಿ ಕಾಲಿಟ್ಟಿದ್ದೇನು?”

“ಇಟ್ಟಿದ್ದೆ. ನೀನು ಬರಲಿಲ್ಲ, ಇವನು ಏಳಲಿಲ್ಲ. ಹೂ ಉದುರ್ತಿದ್ವು.”

“ತಾನೇ ಒಪ್ಕಂತಾಳೆ ನೋಡ್ರಿ,” ಎಂದಳು ಪಕ್ಕದ ಹೊಲದ ಮುದುಕಿ. “ಗಿಡ ಸುಟ್ಟು ಹೋಗದೆ ಇನ್ನೇನಾಗ್ತತೆ.”

ನಾಲ್ಕು ವರ್ಷ ಅವಳು ಹೂ ಬಿಡಿಸಿದ್ದಳು, ಮುಟ್ಟಿನ ದಿನಗಳಲ್ಲೂ. ಆಗ ತಿಂಗಳಿಗೊಮ್ಮೆ ಗಿಡ ಯಾಕೆ ಸುಡಲಿಲ್ಲ? ಇದನ್ನು ಕೇಳಲು ಓದು ಬೇಕಿಲ್ಲ. ಯಾರೂ ಕೇಳಲಿಲ್ಲ. ನಾನು ಸಲಿಕೆ ಹಿಡಿದು ನಿಂತಿದ್ದೆ, ನನ್ನ ಕಳ್ಳತನ ಆ ಬೇರಿನಲ್ಲಿದೆ ಎಂದು ಗೊತ್ತಿದ್ದೂ. ಅವ್ವ ಅಕ್ಕನನ್ನು ಮತ್ತೆ ತೋಟಕ್ಕೆ ಬಿಡಲಿಲ್ಲ. ಅಕ್ಕ ದಾವಣಗೆರೆ ವಿದ್ಯಾನಗರದ ಹಾಸ್ಟೆಲ್ಲೊಂದರಲ್ಲಿ ಅಡುಗೆಗೆ ಸೇರಿದಳು.

ಹೋದ ತಿಂಗಳು ಹದಿಮೂರರ ನನ್ನ ಮಗಳು ಮುಟ್ಟಾಗಿದ್ದಾಗ ಹಿತ್ತಲ ದಾಸವಾಳಕ್ಕೆ ಕೈ ಹಾಕಿದಳು. ಅವ್ವ ತಡೆದಳು.

“ಈ ದಿನದಾಗ ಬ್ಯಾಡವ್ವ. ನಿಮ್ಮತ್ತೆ ತೋಟ ಸುಟ್ಟಿದ್ದು ಸಾಲದೇನು?”

ಮಗಳು ಕೈ ಹಿಂದಕ್ಕೆ ತೆಗೆದಳು. ನನ್ನ ಮೈ ಉರಿಯಿತು.

ಮರುದಿನ ಹಾಸ್ಟೆಲ್ಲಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತಲೇ ಇದ್ದಳು.

“ಬೇರು ಚಿವುಟಿದೇನು?”

“ಹೂಂ.”

“ಭಾರೀ ಕೆಲಸ ಕಲಿತಿದ್ದಿ ಬಿಡು. ನನಗ್ಯಾಕ ಹೇಳ್ತಿ? ನಾನು ಸುಟ್ಟಿಲ್ಲ ಅಂತ ನನಗೆ ಗೊತ್ತೈತೆ. ಅವ್ವನ ಮುಂದೆ ಹೇಳು.”

ಭಾನುವಾರ ಅಕ್ಕ ಮನೆಗೆ ಬಂದಳು. ಒಳಗೆ ಬರದೆ ದಾಸವಾಳದ ಪಕ್ಕ ನಿಂತಳು. ಅವ್ವನನ್ನೂ ಮಗಳನ್ನೂ ಹಿತ್ತಲಿಗೆ ಕರೆದೆ.

“ಮುಗಿದಿದ್ದು ಯಾಕ ಕೆದಕ್ತೀಯಲೇ,” ಎಂದಳು ಅವ್ವ.

“ಮುಗಿದಿಲ್ಲವ್ವ. ಗಂಟು ಬಿದ್ದ ಸಸಿ ತಂದೋನು ನಾನು. ಗೊತ್ತಿದ್ದೇ ತಂದೆ. ತೋಟ ಹೋಗಿದ್ದು ಅದಕ್ಕೆ, ಅಕ್ಕ ಮುಟ್ಟಿದ್ದಕ್ಕಲ್ಲ.” ಅಕ್ಕನ ಕಡೆ ತಿರುಗಿದೆ. “ನಿನ್ನ ಬೈಯ್ಯಾಗ ನಾನು ಬಾಯಿ ಮುಚ್ಕಂಡು ನಿಂತಿದ್ದೆ. ತಪ್ಪಾತಕ್ಕ.”